ಕೇಳಿದ್ದಕ್ಕೆ ಮಾತ್ರ ಉತ್ತರ

ಅಥವಾ ಮೇಡಂ ನಗುತ್ತಿದ್ದರೋ ಏನೋ; ನನಗೇ ಮರೆತಿರಬಹುದು. ವೆಸ್ಟ್ ವಿಂಡ್ಸರಿನ ಒಂದು ಮನೆಯ ಬೇಸ್‌ಮೆಂಟಿನಲ್ಲಿ, ಮಡಚುವ ಕುರ್ಚಿಗಳ ಎದುರು ಅವರ ಫೋಟೋ ಇಟ್ಟು ಹಾರ ಹಾಕಿದ್ದರು. ಒಬ್ಬರಾದ ಮೇಲೊಬ್ಬರು ಎದ್ದು ‘ಸದಾ ನಗುಮುಖ’ ಎಂದರು. ‘ತುಂಬಾ ಸಿಂಪಲ್ ಕಣ್ರೀ’ ಎಂದರು. ಯಾರ ಮನಸ್ಸನ್ನೂ ನೋಯಿಸಿದವರಲ್ಲ ಎಂದರು. ಫೋಟೋದಲ್ಲಿ ನಗುತ್ತಿದ್ದದ್ದು ನಿಜ. ಅದು ಯಾರದೋ ಮಗಳ ಗ್ರ್ಯಾಜುಯೇಶನ್ ಪಾರ್ಟಿಯ ಫೋಟೋ. ಪಕ್ಕದಲ್ಲಿದ್ದವರನ್ನು ಕತ್ತರಿಸಿ ತೆಗೆದಿದ್ದರು, ಆದರೂ ಅವರ ಭುಜದ ಮೇಲೆ ಇನ್ನೊಬ್ಬರ ಬೆರಳುಗಳು ಉಳಿದುಬಿಟ್ಟಿದ್ದವು.

ನಾನು ಅವರ ಕೈಕೆಳಗೆ ಹಲವು ವರ್ಷ ಕೆಲಸ ಮಾಡಿದವನು. ನಕ್ಕದ್ದು ಒಂದೂ ನೆನಪಾಗುತ್ತಿಲ್ಲ. ನೋಯಿಸಿದ್ದು ನೆನಪಾಗುತ್ತದೆ. ಆದರೆ ಸಿಟ್ಟಿನಲ್ಲಿರುವವನ ನೆನಪನ್ನು ಎಷ್ಟು ನಂಬಬೇಕು? ನನಗೆ ಅವರ ಮೇಲೆ ಸಿಟ್ಟಿದೆ, ಅವರು ಸತ್ತ ಮೇಲೂ ಅದು ಇಳಿದಿಲ್ಲ. ಆದ್ದರಿಂದ ಓದುವವರು ಇಲ್ಲಿಂದ ಮುಂದಿನದನ್ನು ಸ್ವಲ್ಪ ಕಳೆದೇ ಓದಬೇಕು. ಎಷ್ಟು ಕಳೆಯಬೇಕು ಎಂಬುದು ನನಗೂ ತಿಳಿಯದು.

ಹೆಸರು ಬರೆಯುವುದಿಲ್ಲ. ಅವರದು ಬಾಗಲಕೋಟೆಯ ಕಡೆ. ಇಲ್ಲಿಗೆ ಬಂದು ನಲವತ್ತು ಚಳಿಗಾಲ ಕಳೆದರೂ ಮಾತು ಅಲ್ಲಿಯದೇ ಉಳಿದಿತ್ತು. ಬಸಿರಿನಲ್ಲಿ ತಾಯಿ ಸೇವಿಸಿದ್ದು, ಅದು ಮದ್ಯವಿರಲಿ, ಮಾದಕ ವಸ್ತುವಿರಲಿ, ವೈದ್ಯರೇ ಬರೆದುಕೊಟ್ಟ ನೋವಿನ ಮಾತ್ರೆಯಿರಲಿ, ಹುಟ್ಟಿದ ಮಗುವಿನ ಬೆಳವಣಿಗೆಯಲ್ಲಿ ಏನಾಗಿ ಕಾಣಿಸಿಕೊಳ್ಳುತ್ತದೆ ಎನ್ನುವುದು ಅವರ ಸಂಶೋಧನೆಯ ವಿಷಯ. ಮಕ್ಕಳನ್ನು ತೊಟ್ಟಿಲಿನಿಂದ ಹಿಡಿದು ಹೈಸ್ಕೂಲಿನವರೆಗೆ ಹಿಂಬಾಲಿಸಬೇಕಾದ ಕೆಲಸ. ಮನೆ ಬದಲಾಯಿಸಿದವರನ್ನು ಹುಡುಕಬೇಕು, ಫೋನ್ ಎತ್ತದವರ ಬಾಗಿಲು ತಟ್ಟಬೇಕು, ಬರುವುದಿಲ್ಲ ಎಂದವರನ್ನು ಒತ್ತಾಯಿಸದೆ ಒಪ್ಪಿಸಬೇಕು.

ಕನ್ನಡದವರ ಕೂಟಗಳಲ್ಲಿ ಅವರು ‘ಡ್ರಗ್ಸ್ ಮೇಲೆ ರಿಸರ್ಚ್’ ಎಂದು ಹೇಳಿದರೆ ಅರ್ಧ ಜನ ಯಾವ ಕಂಪನಿ ಎಂದು ಕೇಳುತ್ತಿದ್ದರು. ಇಲ್ಲಿ ಪ್ರತಿ ಎರಡನೆಯ ಮನೆಯಲ್ಲೂ ಔಷಧ ಕಂಪನಿಯವರೊಬ್ಬರು ಇದ್ದೇ ಇರುತ್ತಾರೆ. ಬಿಡಿಸಿ ಹೇಳಿದ ಮೇಲೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಒಮ್ಮೆ ಒಬ್ಬರು, ಪ್ಲೇಟಿನಲ್ಲಿ ಬಿಸಿಬೇಳೆಭಾತು ಹಿಡಿದುಕೊಂಡೇ, “ನಮ್ಮವರಲ್ಲಿ ಅದೆಲ್ಲಾ ಇಲ್ಲ ಬಿಡಿ ಮೇಡಂ” ಎಂದರು.

“ನಿಮಗ ಹ್ಯಾಂಗ ಗೊತ್ತು?”

ಅವರು ತಮಾಷೆ ಮಾಡುತ್ತಿರಲಿಲ್ಲ. ಉತ್ತರಕ್ಕಾಗಿ ಕಾಯುತ್ತಿದ್ದರು. ಅದೇ ಕಷ್ಟ. ಮಾವಿನಹಣ್ಣು ತಿಂದರೆ ಉಷ್ಣ ಎಂದವರಿಗೆ, ಐಪ್ಯಾಡಿನಿಂದಲೇ ಹುಡುಗ ಕೆಟ್ಟ ಎಂದವರಿಗೆ, ಮಳೆಯಿಂದ ಟ್ರೇನ್ ತಡವಾಯಿತು ಎಂದ ನನಗೆ, ಎಲ್ಲರಿಗೂ ಇದೇ ಪ್ರಶ್ನೆ, ಇದೇ ಕಾಯುವಿಕೆ. ಎದುರಿನವರು ನಕ್ಕು ತೇಲಿಸಲು ನೋಡಿದರೂ ಬಿಡುತ್ತಿರಲಿಲ್ಲ. ಸದಾ ನಗುಮುಖವಂತೆ.

ಅವರ ಲ್ಯಾಬ್ ಎಂದರೆ ಎರಡು ಕೋಣೆ, ಒಂದು ಕಾರಿಡಾರು. ಒಂದು ಕೋಣೆಯಲ್ಲಿ ಚಾಪೆ, ಮರದ ಆಟದ ಬ್ಲಾಕುಗಳು, ಬಣ್ಣದ ಬಟ್ಟಲುಗಳು, ಗೋಡೆಯಲ್ಲಿ ಕ್ಯಾಮೆರಾ. ಮಗುವನ್ನು ಪರೀಕ್ಷಿಸುವವರಿಗೆ, ಎಂದರೆ ನನ್ನಂಥವರಿಗೆ, ಎದುರಿನ ಮಗು ಯಾವ ಗುಂಪಿಗೆ ಸೇರಿದ್ದು ಎಂದು ತಿಳಿದಿರಬಾರದು. ಬಸಿರಿನಲ್ಲಿ ತಾಯಿ ಮಾದಕ ವಸ್ತು ಸೇವಿಸಿದ್ದಳೇ ಇಲ್ಲವೇ ಎಂದು ತಿಳಿದುಬಿಟ್ಟರೆ ಕಣ್ಣು ಅದನ್ನೇ ಹುಡುಕುತ್ತದೆ. ಈ ಕ್ಷೇತ್ರದಲ್ಲಿ ಇದು ಎಲ್ಲರೂ ಪಾಲಿಸುವ ನಿಯಮ. ಅವರು ಅದನ್ನು ಮಡಿಯಂತೆ ಪಾಲಿಸುತ್ತಿದ್ದರು. ಕಾರಿಡಾರಿನಲ್ಲಿ ತಾಯಂದಿರು ಮಾತಿಗೆ ಸಿಕ್ಕಾರು ಎಂದು ನಮ್ಮನ್ನು ಹಿಂಬಾಗಿಲಿನಿಂದ ಒಳಗೆ ಬಿಡುತ್ತಿದ್ದರು.

ಮತ್ತೊಂದು ಪದ್ಧತಿ ಅವರೇ ಮಾಡಿಕೊಂಡದ್ದು. ಪರೀಕ್ಷೆ ಮುಗಿಸಿ ಹೊರಗೆ ಬಂದೊಡನೆ, ಲಿಫ್ಟಿನ ಬಳಿ ನಿಲ್ಲಿಸಿ ಕೇಳುವರು: ಯಾವ ಗುಂಪು, ಊಹಿಸು. ಊಹಿಸಲೇಬೇಕು. ಸರಿಯೋ ತಪ್ಪೋ ಹೇಳುತ್ತಿರಲಿಲ್ಲ. ಒಬ್ಬ ಹುಡುಗಿ ಬ್ಲಾಕುಗಳನ್ನೆಲ್ಲ ಗೋಡೆಗೆ ಎಸೆದು, ನನ್ನ ಕೈ ಕಚ್ಚಿ, ಮೇಜಿನ ಕೆಳಗೆ ಹೋಗಿ ಕೂತಿದ್ದಳು. ನಾನು ತಡವರಿಸದೆ, ಸೇವಿಸಿದವರ ಗುಂಪು ಎಂದೆ. ಇನ್ನೊಂದು ಮಗು ದೇವರ ಮುಂದೆ ಕೂತಂತೆ ಕೂತು ಹೇಳಿದ್ದನ್ನೆಲ್ಲ ಮಾಡಿತ್ತು. ಆಗಲೂ ತಡವರಿಸಲಿಲ್ಲ. ಆ ಸುತ್ತಿನ ಕೆಲಸ ಮುಗಿದ ಮೇಲೆ ನಮ್ಮನ್ನೆಲ್ಲ ಕೂರಿಸಿ, ನಿಮ್ಮ ಊಹೆಗಳ ಬದಲು ನಾಣ್ಯ ಚಿಮ್ಮಿಸಿದ್ದರೂ ಅಷ್ಟೇ ಸರಿಯಾಗುತ್ತಿತ್ತು ಎಂದು ತಿಳಿಸಿದರು. ಯಾರ ಊಹೆ ಎಷ್ಟು ಸರಿ ಎಂದು ಬೇರೆ ಬೇರೆ ಹೇಳಲಿಲ್ಲ. ನಾನು ಕೇಳಿದೆ. ಆ ಕೈ ಕಚ್ಚಿದ ಹುಡುಗಿ ಯಾವ ಗುಂಪು ಎಂದೂ ಕೇಳಿದೆ. “ಆಕಿ ಒಬ್ಬಾಕಿ ಬಗ್ಗೆ ತಿಳಕೊಂಡು ನೀ ಏನ್ ಮಾಡಾಂವ?” ಎಂದರು. ಆ ದಿನ ಆ ಮಾತು ನನಗೆ ಬಹಳ ದೊಡ್ಡದಾಗಿ ಕೇಳಿಸಿತ್ತು. ಈಗ ಬರೆಯುವಾಗ ಅದರಲ್ಲಿ ಬೇರೇನೋ ಕೇಳಿಸುತ್ತದೆ, ಆದರೆ ಅದು ನಾನು ಆಮೇಲೆ ಸೇರಿಸಿದ್ದೇ ಇರಬೇಕು.

ನಮ್ಮ ಕರಡುಗಳನ್ನು ಅವರು ಓದುವುದು ಮಧ್ಯಾಹ್ನ, ಖಡಕ್ ರೊಟ್ಟಿ ಮುರಿಯುತ್ತ. ಮೇಜಿನ ಡ್ರಾಯರಿನಲ್ಲಿ ರೊಟ್ಟಿ, ಶೇಂಗಾ ಚಟ್ನಿಯ ಪುಡಿ. ಹಾಳೆಯ ಮೇಲೆ ಚೂರುಗಳು ಬಿದ್ದಿರುತ್ತಿದ್ದವು. ‘ಉಂಟುಮಾಡುತ್ತದೆ’ ಎಂಬ ಅರ್ಥದ ಯಾವ ಇಂಗ್ಲಿಷ್ ಪದ ಕಂಡರೂ ಹೊಡೆದು, ‘ಸಂಬಂಧವಿದೆ’ ಎಂಬ ಅರ್ಥದ್ದನ್ನು ಬರೆಯುವರು. ‘ಬಹುಶಃ’ ಸೇರಿಸುವರು. ‘ಈ ಮಾದರಿಯಲ್ಲಿ’ ಎಂದು ಸೇರಿಸುವರು. ಅವರ ಲೇಖನಗಳ ವಾಕ್ಯಗಳು ಹೆಪ್ಪುಗಟ್ಟಿದ ಮಂಜಿನ ಮೇಲೆ ನಡೆಯುವ ಮುದುಕರ ಹಾಗೆ ಎರಡೂ ಕಡೆ ಹಿಡಿದುಕೊಂಡು ನಡೆಯುತ್ತಿದ್ದವು. ಅದೇ ಬಾಯಿ ಕನ್ನಡಕ್ಕೆ ತಿರುಗಿದರೆ ಒಂದು ‘ಬಹುಶಃ’ವೂ ಇರುತ್ತಿರಲಿಲ್ಲ. “ಈ ಪ್ಯಾರಾ ಹೊಲಸ್ ಐತಿ.” “ನಿನ್ನ ತಲಿಯಾಗ ಹುಳಾ ಬಿದ್ದಾವ.” ಎರಡು ಭಾಷೆಗೆ ಇಬ್ಬರು ಬೇರೆ ಬೇರೆ ಹೆಂಗಸರು. ನಾನು ಇದನ್ನು ಬಹಳ ದಿನ ಒಂದು ತಮಾಷೆಯಾಗಿ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ.

ಅವರ ಮುಖ್ಯವಾದ ಒಂದು ಲೇಖನ ಅಚ್ಚಿಗೆ ಹೋಗುವ ದಿನ ನಾನು ಪಕ್ಕದಲ್ಲಿದ್ದೆ. ಅದರಲ್ಲಿ ಎರಡು ಮಾತಿದ್ದವು. ಒಂದು: ಬಸಿರಿನಲ್ಲಿ ಇಂಥ ವಸ್ತುಗಳಿಗೆ ಒಡ್ಡಿಕೊಂಡ ಮಕ್ಕಳು ಗಮನವಿಟ್ಟು ಮಾಡುವ ಕೆಲಸಗಳಲ್ಲಿ ಸ್ವಲ್ಪ ಹಿಂದಿದ್ದರು. ಎರಡು: ಬಡತನ, ತಾಯಿಯ ಖಿನ್ನತೆ, ಮಗು ಎಷ್ಟು ಸಲ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು ಎನ್ನುವುದು, ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ ಆ ಅಂತರ ಬಹಳ ಮಟ್ಟಿಗೆ ಕರಗುತ್ತಿತ್ತು. ಲೇಖನದ ಮೇಲ್ಭಾಗದಲ್ಲಿ ಒಂದು ಸಾರಾಂಶವಿರುತ್ತದೆ, ಅದಕ್ಕೆ ಪತ್ರಿಕೆಯವರು ಇಷ್ಟೇ ಪದ ಎಂದು ಮಿತಿ ಹಾಕಿರುತ್ತಾರೆ. ನಮ್ಮದು ಮಿತಿ ಮೀರಿತ್ತು. ಅವರು ಎರಡನೆಯ ಮಾತನ್ನು ಅಲ್ಲಿಂದ ತೆಗೆದರು. ಒಳಗೆ, ಚರ್ಚೆಯ ಭಾಗದಲ್ಲಿ, ಅದು ವಿವರವಾಗಿ ಇದ್ದೇ ಇತ್ತು. ನಾನು ಬೇಡವೆಂದೆ. ಇಲ್ಲ, ಬೇಡವೆನ್ನಲಿಲ್ಲ, ಮೇಲಿರಬೇಕಲ್ಲವೇ ಎಂದು ಕೇಳಿದೆ. ಅವರು ರೊಟ್ಟಿ ಮುರಿಯುತ್ತ, “ಓದಾವ್ರು ಪೂರಾ ಓದ್ತಾರ” ಎಂದರು.

ಎಂಥ ನಂಬಿಕೆ. ಮಾವಿನಹಣ್ಣಿನ ಉಷ್ಣವನ್ನೂ ನಂಬದ ಹೆಂಗಸು ಇದನ್ನು ಮಾತ್ರ, ಯಾವ ಪರೀಕ್ಷೆಯೂ ಇಲ್ಲದೆ, ನಂಬಿದ್ದರು. ತಮ್ಮಂತೆಯೇ ಜಗತ್ತೆಲ್ಲ ಕೊನೆಯ ಅಡಿಟಿಪ್ಪಣಿಯವರೆಗೂ ಓದುತ್ತದೆ ಎಂದು.

ಈಗ ಮೇಘನಾ. ಅವಳ ಹೆಸರು ಮೇಘನಾ ಅಲ್ಲ. ಇಲ್ಲಿಯೇ ಹುಟ್ಟಿ ಬೆಳೆದವಳು. ಅವಳ ತಂದೆತಾಯಿ ನಮ್ಮ ಕೂಟಗಳಿಗೆ ಬರುತ್ತಿದ್ದವರು, ಬಿಸಿಬೇಳೆಭಾತಿನ ಸಾಲಿನಲ್ಲಿ ನಿಲ್ಲುತ್ತಿದ್ದವರು. ರೂಟ್ ಒನ್ ಹೆದ್ದಾರಿಯಲ್ಲಿ ಹಿಂದಿನಿಂದ ಬಂದ ಕಾರು ಗುದ್ದಿ ಅವಳ ಬೆನ್ನಿಗೆ ಪೆಟ್ಟಾಯಿತು. ಆಪರೇಶನ್ ಆಯಿತು. ನೋವಿಗೆ ಕೊಟ್ಟ ಮಾತ್ರೆಗಳನ್ನು ಬಿಡಲಾಗದ ಸ್ಥಿತಿ ಬಂತು. ಬಸಿರಾದಾಗ ತಾನೇ ಹೋಗಿ ವೈದ್ಯರಿಗೆ ಹೇಳಿದಳು. ಅಂಥ ಸಮಯದಲ್ಲಿ ಥಟ್ಟನೆ ನಿಲ್ಲಿಸುವುದು ಅಪಾಯವೆಂದು ಅವರು ಬದಲಿ ಔಷಧಿ ಕೊಟ್ಟು, ಹೆರಿಗೆಯವರೆಗೂ ಅದನ್ನೇ ಮುಂದುವರಿಸಿದರು. ಅವಳು ಒಂದು ದಿನವೂ ತಪ್ಪಿಸಲಿಲ್ಲ. ಹುಟ್ಟಿದ ಹೆಣ್ಣುಮಗು ಕೆಲವು ದಿನ ನಡುಗಿತು, ಒಂದೇ ಸಮನೆ ಅತ್ತಿತು, ಆಸ್ಪತ್ರೆಯಲ್ಲಿ ಉಳಿಯಿತು, ಮನೆಗೆ ಬಂತು. ಅಲ್ಲಿಗೆ ಮುಗಿಯಬೇಕಿತ್ತು.

ಮಗುವಿಗೆ ಮಾತು ತಡವಾಯಿತು. ಮದುವೆ ಮುರಿಯಿತು. ಗಂಡನ ಕಡೆಯವರು ಮಗು ತಮಗೇ ಬೇಕೆಂದು ಕೋರ್ಟಿಗೆ ಹೋದರು. ಅವರ ವಕೀಲ ಕೊಟ್ಟ ಕಾಗದಗಳಲ್ಲಿ ನಮ್ಮ ಲೇಖನದ ಸಾರಾಂಶವಿತ್ತು. ಸಾರಾಂಶ ಮಾತ್ರ. ಇಂಥ ಮಕ್ಕಳು ಹಿಂದುಳಿಯುತ್ತಾರೆ ಎಂದು ಸಂಶೋಧನೆಯೇ ಹೇಳುತ್ತದೆ, ಆದ್ದರಿಂದ ಮಗುವಿನ ಮಾತು ತಡವಾದದ್ದು ತಾಯಿಯಿಂದಲೇ, ಆದ್ದರಿಂದ ತಾಯಿಯ ಕೈಯಲ್ಲಿ ಮಗು ಇರಬಾರದು. ಒಂದರ ಹಿಂದೊಂದು ‘ಆದ್ದರಿಂದ’.

ಮೇಘನಾಳನ್ನು ಮೇಡಂ ಬಳಿಗೆ ಕರೆದುಕೊಂಡು ಹೋದದ್ದು ನಾನು. ಪಿಸ್ಕಾಟವೇಯ ಅವಳ ಅಪಾರ್ಟ್‌ಮೆಂಟಿಗೆ ಅವರೇ ಬರುತ್ತೇನೆಂದರು ಎಂದೂ ನೆನಪು. ಎರಡೂ ಆಗಿರಬೇಕು: ಮೊದಲು ಲ್ಯಾಬಿನಲ್ಲಿ ಮಾತು, ಆಮೇಲೆ ಆ ಮನೆ. ಲ್ಯಾಬಿನಲ್ಲಿ ಮೇಘನಾ ಕೇಳಿದ್ದು ಸರಳ. ನೀವೇ ನನ್ನ ಮಗಳನ್ನು ಟೆಸ್ಟ್ ಮಾಡಿ, ಅವಳು ಹೇಗಿದ್ದಾಳೆ ಅಂತ ಹೇಳಿ. “ಆಂಟಿ, ನೀವು ಒಂದೇ ಒಂದು ಸೆಂಟೆನ್ಸ್ ಹೇಳಿದ್ರೂ ಸಾಕು. ದೇ ವಿಲ್ ಲಿಸನ್ ಟು ಯೂ. ಇಟ್ಸ್ ಯುವರ್ ಪೇಪರ್.”

ಅವರು ಆಗುವುದಿಲ್ಲ ಎಂದರು. ಇವಳ ವಿಷಯ ತಮಗೆ ಗೊತ್ತಿದೆ, ಬಸಿರಿನಲ್ಲಿ ಏನು ತೆಗೆದುಕೊಂಡಳು ಎಂದು ಗೊತ್ತಿದೆ. “ಗೊತ್ತಿದ್ದಾಕಿ ನೋಡಬಾರದವಾ. ನಂದು ನೋಡಿದಂಗ ಆಗೂದಿಲ್ಲ.” ಬೇರೆಯವರೊಬ್ಬರ ಹೆಸರು ಕೊಟ್ಟರು. ಒಳ್ಳೆಯ ಪರೀಕ್ಷಕಿ, ಏನೂ ತಿಳಿಸದೆ ಕಳಿಸಿ ಎಂದರು. ಆ ಪರೀಕ್ಷಕಿಯ ಬಳಿ ಸರದಿ ಸಿಗುವಷ್ಟರಲ್ಲಿ ವಿಚಾರಣೆ ಮುಗಿದುಹೋಗುತ್ತಿತ್ತು. ಇದನ್ನು ಹೇಳಿದೆ. ತಲೆಯಾಡಿಸಿದರು. ನಿಯಮ ಸಂಶೋಧನೆಗೆ, ಇದು ಒಂದು ಮಗು, ಒಬ್ಬಳು ತಾಯಿ ಎಂದೆ. ಅದಕ್ಕೂ ತಲೆಯಾಡಿಸಿದರು. ಕೋರ್ಟಿಗೆ ಬಂದು ಲೇಖನದಲ್ಲಿ ಏನಿದೆ ಎಂದು ಹೇಳುತ್ತೇನೆ, ಮಗುವಿನ ಬಗ್ಗೆ ಹೇಳಲಾರೆ, ಇಷ್ಟೇ ಎಂದರು.

ಅದಾದ ಮೇಲೆ ಆ ಮನೆಗೆ ಬಂದರು. ಯಾಕೆ ಬಂದರೋ. ಪರೀಕ್ಷೆಗಲ್ಲ ಎಂದು ಬಾಗಿಲಲ್ಲೇ ಹೇಳಿದರು. ಶೂಸ್ ಬಿಚ್ಚಿ, ಕೋಟನ್ನೂ ಬಿಚ್ಚದೆ, ಕಾರ್ಪೆಟ್ಟಿನ ಮೇಲೆ ಕೂತರು. ಮಗು ಅವರ ಕನ್ನಡಕ ಕಿತ್ತುಕೊಂಡಿತು. ಆ ಇಡೀ ಮಧ್ಯಾಹ್ನ ಅವರಿಬ್ಬರೂ ಅಡುಗೆಮನೆಯ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿದರು, ಬೀಳಿಸಿದರು. ಮಗು ಮಾತಾಡುತ್ತಿರಲಿಲ್ಲ, ಬೆರಳು ತೋರಿಸಿ ಆಜ್ಞೆ ಮಾಡುತ್ತಿತ್ತು. ಅವರು ಪಾಲಿಸುತ್ತಿದ್ದರು. ಮೇಘನಾ ಒಲೆಯ ಮುಂದೆ ನಿಂತು ಆ ಕಡೆಯೇ ನೋಡುತ್ತಿದ್ದಳು, ಚಹಾ ಉಕ್ಕಿ ಹೋಯಿತು. ಹೊರಡುವಾಗ ಮಗು ಅವರ ಕೋಟಿನ ತುದಿ ಹಿಡಿದು ಬಿಡಲಿಲ್ಲ. ಅವಳ ಅಮ್ಮನಿಗೆ ಅವರು ಏನನ್ನೂ ಹೇಳಲಿಲ್ಲ. ಚಹಾ ಚೆನ್ನಾಗಿತ್ತು ಎಂದೂ ಹೇಳಲಿಲ್ಲ.

ವಿಚಾರಣೆಯ ದಿನ ನಾನೇ ಡ್ರೈವ್ ಮಾಡಿದೆ. ಇಂಥ ವಿಚಾರಣೆಗೆ ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ನಾನು ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದೆ. ಎದುರಿನ ಬೆಂಚಿನಲ್ಲಿ ಗಂಡನ ತಾಯಿ. ಅವರನ್ನು ನಾನು ಕೂಟಗಳಲ್ಲಿ ನೋಡಿದ್ದೆ. ಊಟ ಆಯ್ತಾ ಅಂತ ಕೇಳಿದರು. ಆಯ್ತು ಆಂಟಿ ಎಂದೆ. ಕೆಟ್ಟ ಹೆಂಗಸು ಎಂದು ಬರೆಯಲು ಅವಕಾಶ ಕೊಡುವಂಥದ್ದೇನನ್ನೂ ಅವರು ಮಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಯಾರನ್ನೂ ನೋಡದೆ, “ಮಗೂಗೆ ಒಳ್ಳೇದಾಗ್ಲಿ ಅಂತಾನೇ ಅಲ್ವಾ ಇದೆಲ್ಲಾ” ಎಂದರು.

ಹೊರಗಿದ್ದದ್ದರಿಂದ ಒಳಗೆ ನಡೆದದ್ದು ನನಗೆ ಗೊತ್ತಿಲ್ಲ. ಗೊತ್ತಿರುವುದು ಎರಡು ಕಥೆ. ಮೇಘನಾ ಹೇಳಿದ್ದು ಹೀಗೆ: ಲೇಖನದ ಎರಡನೆಯ ಮಾತನ್ನು ಅವರು ಚೆನ್ನಾಗಿಯೇ ವಿವರಿಸಿದರು, ಆದರೆ ಯಾರಿಗೂ ಅರ್ಥವಾಗಲಿಲ್ಲ; ಪ್ರತಿ ವಾಕ್ಯಕ್ಕೂ ಬಾಲ. ಆಮೇಲೆ ಗಂಡನ ಕಡೆಯ ವಕೀಲ ಎದ್ದ. ತಾಯಿ ತೆಗೆದುಕೊಂಡದ್ದರಿಂದ ಈ ಮಗುವಿಗೆ ಹಾನಿಯಾಗಿಲ್ಲ ಎಂದು ನೀವು ಖಚಿತವಾಗಿ ಹೇಳಬಲ್ಲಿರಾ, ಡಾಕ್ಟರ್? ಅವರು ಕನ್ನಡಕ ತೆಗೆದರು, ಹಾಕಿಕೊಂಡರು. “ನೋ” ಎಂದರು. ಅಷ್ಟೇ. ಅವನು ಥ್ಯಾಂಕ್ಯೂ ಹೇಳಿ ಕೂತ.

ಹೊರಗೆ ಬಂದೊಡನೆ ಕಾರಿಡಾರಿನಲ್ಲೇ ಮೇಘನಾಳ ವಕೀಲೆ ಹೇಳಿದ್ದು ಸ್ವಲ್ಪ ಬೇರೆ. ಅವರು ‘ನೋ’ ಎಂದ ಮೇಲೆ ಇನ್ನೇನನ್ನೋ ಹೇಳಲು ಬಾಯಿ ತೆರೆದರು, ಅವನು ಬಿಡಲಿಲ್ಲ. ಅದಕ್ಕೇ ವಕೀಲೆ ಮತ್ತೆ ಎದ್ದು, ಅವರ ಬಾಯಿಂದ ಹೇಳಿಸಲೆಂದು, ಹಾಗಿದ್ದರೆ ಮಗು ಈಗ ಹೇಗಿದೆ, ನಿಮ್ಮ ಅಭಿಪ್ರಾಯವೇನು ಎಂದು ಕೇಳಿದಳಂತೆ. ಬಾಗಿಲು ಪೂರ್ತಿ ತೆರೆದಿಟ್ಟಿದ್ದೆ ಎಂದಳು. ಅವರು, ಈ ಮಗುವನ್ನು ನಾನು ಪರೀಕ್ಷಿಸಿಲ್ಲ ಎಂದರು. ಮೇಘನಾಳ ಕಥೆಯಲ್ಲಿ ಈ ಎರಡನೆಯ ಪ್ರಶ್ನೆಯೇ ಇಲ್ಲ. ಅವಳಿಗೆ ಕೇಳಿಸಿರಲಿಕ್ಕಿಲ್ಲ, ಮೊದಲನೆಯದರ ಮೇಲೇ ನಿಂತುಬಿಟ್ಟಿರಬೇಕು.

ಕಾರಿನಲ್ಲಿ ಅವರು ಸೀಟ್‌ಬೆಲ್ಟ್ ಹಾಕಿಕೊಳ್ಳಲು ತುಂಬ ಹೊತ್ತು ಮಾಡಿದರು. ಪಾರ್ಕಿಂಗ್ ಡೆಕ್ಕಿನ ಇಳಿಜಾರು ಸುತ್ತಿ ರಸ್ತೆಗೆ ಬಂದೆವು. ಮೊದಲ ಸಿಗ್ನಲ್ಲಿನಲ್ಲಿ ತಾವಾಗಿಯೇ ಹೇಳಿದರು:

“ಕೂಸು ಛಲೋ ಐತಿ. ಮಾತು ಬರ್ತಾವ. ಅವರವ್ವನ ಹತ್ರ ಇರಬೇಕದು.”

‘ಬಹುಶಃ’ ಇಲ್ಲ, ‘ಈ ಮಾದರಿಯಲ್ಲಿ’ ಇಲ್ಲ. ನಾನು ಸಿಗ್ನಲ್ ಹಸಿರಾದದ್ದನ್ನು ನೋಡಲಿಲ್ಲ, ಹಿಂದಿನವನು ಹಾರ್ನ್ ಹೊಡೆದ.

“ಇದನ್ನ ಅಲ್ಲಿ ಹೇಳಬೇಕಿತ್ತಲ್ಲ ಮೇಡಂ.”

“ಅಲ್ಲಿ ಅದನ್ನ ಕೇಳಲಿಲ್ಲ.”

“ಎರಡನೇ ಸಲ ಅದನ್ನೇ ಕೇಳಿದ್ರಲ್ಲ. ಮಗು ಹೇಗಿದೆ ಅಂತ. ನೀವು ನೋಡಿಲ್ಲ ಅಂದ್ರಿ.”

“ನೋಡಿಲ್ಲ. ಆಡೀನಿ.”

ಇದಕ್ಕಿಂತ ಹೆಚ್ಚು ಸಿಟ್ಟು ನನಗೆ ಯಾರ ಮೇಲೂ ಬಂದಿಲ್ಲ. ನಾನು ಏನೇನೋ ಹೇಳಿದೆ. ಒಂದು ಇಡೀ ಮಧ್ಯಾಹ್ನ ಒಂದು ಮಗುವಿನ ಜೊತೆ ನೆಲದ ಮೇಲೆ ಕೂತವರು, ಜೀವಮಾನವೆಲ್ಲ ಮಕ್ಕಳನ್ನೇ ನೋಡಿದವರು, ನೋಡಿಲ್ಲ ಎನ್ನುವುದು ಸತ್ಯವೋ ಸುಳ್ಳೋ ಎಂದೆ. ಆ ವಕೀಲ ಕೇಳಿದ ಪ್ರಶ್ನೆಗೆ ಯಾವ ಮಗುವಿನ ಬಗ್ಗೆಯಾದರೂ, ನನ್ನ ಬಗ್ಗೆಯಾದರೂ, ನಿಮ್ಮ ಬಗ್ಗೆಯಾದರೂ ಉತ್ತರ ‘ನೋ’ನೇ ಅಲ್ಲವೇ, ಅಷ್ಟನ್ನಾದರೂ ಹೇಳಬಾರದಿತ್ತೇ ಎಂದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ನಾನು ದನಿ ಏರಿಸಿದಾಗ ಒಮ್ಮೆ ಮಾತ್ರ, ತಮಗೆ ಗೊತ್ತಿದ್ದದ್ದಕ್ಕಿಂತ ಹೆಚ್ಚು ಹೇಳಿದರೆ ಆ ಸಾರಾಂಶ ಹಿಡಿದುಕೊಂಡು ಬಂದವನಿಗೂ ತಮಗೂ ಏನು ವ್ಯತ್ಯಾಸ ಎಂಬರ್ಥದ್ದನ್ನು ಹೇಳಿದರು. ಅವರ ಪದಗಳು ಇವಲ್ಲ. ಅವರ ಪದಗಳು ನೆನಪಿಲ್ಲ. ನೆನಪಿಟ್ಟುಕೊಳ್ಳುವ ಮನಸ್ಸು ನನಗೆ ಆಗ ಇರಲಿಲ್ಲ. ಅವರ ಮಾತಿಗೆ ಉತ್ತರ ಹುಡುಕಿದೆ. ಇವತ್ತಿಗೂ ಒಳ್ಳೆಯ ಉತ್ತರ ಸಿಕ್ಕಿಲ್ಲ, ಸಿಟ್ಟು ಇಳಿಯದಿರುವುದಕ್ಕೆ ಅದೂ ಒಂದು ಕಾರಣವಿದ್ದೀತು.

ಮಗು ತಂದೆಯ ಮನೆಗೆ ಹೋಯಿತು. ತಾಯಿಗೆ ವಾರಾಂತ್ಯಗಳು. ಯಾರ ಲೇಖನವು ಬಾಯಿ ಬಿಟ್ಟು, ಕೈಯಿಂದ ಕೈಗೆ ಹೋದ ಮಕ್ಕಳೇ ಹೆಚ್ಚು ಬಳಲುತ್ತಾರೆ ಎಂದು ಹೇಳುತ್ತಿತ್ತೋ, ಅವರೇ ಸಾಕ್ಷಿ ನುಡಿದ ಮೇಲೆ, ಮಗು ಕೈಯಿಂದ ಕೈಗೆ ಹೋಯಿತು.

ನಾನು ಲ್ಯಾಬ್ ಬಿಟ್ಟೆ. ಈ ಕಾರಣಕ್ಕಲ್ಲ, ಹಣ ಬರುವುದು ನಿಂತು ಲ್ಯಾಬೇ ಕಿರಿದಾಗುತ್ತಿತ್ತು. ಆದರೆ ಈ ಕಾರಣಕ್ಕೇ ಬಿಟ್ಟೆ ಎಂದು ಬಹಳ ಜನಕ್ಕೆ ಹೇಳಿದ್ದೇನೆ. ಅವರು ಆಮೇಲೆ ಒಂದೇ ಒಂದು ಲೇಖನ ಪ್ರಕಟಿಸಿದರು. ಅದನ್ನು ನಾನು ಹುಡುಕಿ ಓದಿದೆ. ಸಾರಾಂಶದ ಮೊದಲ ವಾಕ್ಯದಲ್ಲೇ, ಈ ಫಲಿತಾಂಶಗಳಿಂದ ಯಾವುದೇ ಒಂದು ಮಗುವಿನ ಬಗ್ಗೆಯಾಗಲಿ ಒಬ್ಬ ತಾಯಿಯ ಬಗ್ಗೆಯಾಗಲಿ ತೀರ್ಮಾನಕ್ಕೆ ಬರಬಾರದು ಎಂದಿತ್ತು. ಇಂಥ ವಾಕ್ಯವನ್ನು ಯಾವ ಸಂಪಾದಕನೂ ಅಲ್ಲಿ ಬಿಡುವುದಿಲ್ಲ. ದೊಡ್ಡ ಪತ್ರಿಕೆಯವರು ಕೆಳಗಿಳಿಸಿ ಎಂದದ್ದಕ್ಕೆ ಹಿಂದಕ್ಕೆ ತೆಗೆದುಕೊಂಡು, ಯಾರೂ ಓದದ ಪತ್ರಿಕೆಯೊಂದಕ್ಕೆ ಕೊಟ್ಟರೆಂದು ಹಳೆಯ ಸಹೋದ್ಯೋಗಿಯೊಬ್ಬಳು ಹೇಳಿದಳು. ಆ ವಾಕ್ಯದಲ್ಲಿ ‘ಬಹುಶಃ’ ಇರಲಿಲ್ಲ. ಇಂಗ್ಲಿಷಿನಲ್ಲಿ ಅವರು ಹಾಗೆ ಬರೆದದ್ದನ್ನು ನಾನು ಕಂಡದ್ದು ಅದೊಂದೇ. ಅದು ಪಶ್ಚಾತ್ತಾಪವೇ? ಹಾಗೆಂದು ಬರೆದರೆ ಈ ವ್ಯಕ್ತಿಚಿತ್ರ ಚೆನ್ನಾಗಿ ಮುಗಿಯುತ್ತದೆ. ಅದಕ್ಕೇ ಬರೆಯುವುದಿಲ್ಲ.

ಈ ಮಾರ್ಚ್‌ನಲ್ಲಿ ತೀರಿಕೊಂಡರು. ಬೇಸ್‌ಮೆಂಟಿನ ಆ ಸಭೆಗೆ ಮೇಘನಾ ಬಂದಿರಲಿಲ್ಲ. ಅವಳ ತಂದೆತಾಯಿ ಬಂದಿದ್ದರು, ಹಿಂದಿನ ಸಾಲಿನಲ್ಲಿ ಕೂತು, ಯಾರೊಂದಿಗೂ ಮಾತಾಡದೆ ಹೋದರು.

ಅದಾದ ಕೆಲವು ವಾರಗಳಿಗೆ ಫ್ಲಶಿಂಗಿನ ಗಣೇಶನ ಗುಡಿಯ ಕ್ಯಾಂಟೀನಿನಲ್ಲಿ ಅವಳು ಸಿಕ್ಕಳು. ಭಾನುವಾರ, ಟೇಬಲ್ಲಿಗಾಗಿ ಜನ ಕಾಯುತ್ತಿದ್ದರು. ಅವಳು ಕೈ ಬೀಸಿ ಕರೆದು ತನ್ನ ಟೇಬಲ್ಲಿನಲ್ಲೇ ಜಾಗ ಕೊಟ್ಟಳು. ಎದುರಿಗೆ ಮಗಳು. ಈಗ ಶಾಲೆಗೆ ಹೋಗುತ್ತಾಳೆ, ಮುಂದಿನ ಹಲ್ಲು ಬಿದ್ದಿದೆ. ದೋಸೆಯ ಗರಿಗರಿ ಅಂಚನ್ನಷ್ಟೇ ಮುರಿದು ತಿನ್ನುತ್ತ, ಶಾಲೆಯ ಹ್ಯಾಮ್‌ಸ್ಟರ್ ಬಗ್ಗೆ ನಿಲ್ಲಿಸದೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ನಡುವೆ ನನ್ನತ್ತ ತಿರುಗಿ, “ಹೂ ಇಸ್ ಹೀ?” ಎಂದು ಅಮ್ಮನನ್ನೇ ಕೇಳಿದಳು. ಅಂಕಲ್, ಡಾಕ್ಟರ್ ಆಂಟಿಯ ಜೊತೆ ಕೆಲಸ ಮಾಡ್ತಿದ್ದವರು ಎಂದಳು ಮೇಘನಾ. ಯಾವ ಡಾಕ್ಟರ್ ಆಂಟಿ ಎಂದು ಹುಡುಗಿಗೆ ತಿಳಿಯಲಿಲ್ಲ, ಹ್ಯಾಮ್‌ಸ್ಟರಿಗೆ ಹಿಂದಿರುಗಿದಳು.

ಸಂಜೆಯೊಳಗೆ ಅವಳನ್ನು ತಂದೆಯ ಮನೆಗೆ ಬಿಡಬೇಕಿತ್ತು. ಟ್ರಾಫಿಕ್ ಇದ್ದರೆ ತಡವಾಗುತ್ತದೆ, ತಡವಾದರೆ ಅದೂ ಲೆಕ್ಕಕ್ಕೆ ಬರುತ್ತದೆ ಎಂದು ಮೇಘನಾ ಆಗಾಗ ಫೋನಿನಲ್ಲಿ ದಾರಿ ನೋಡುತ್ತಿದ್ದಳು. ಮಗಳು ಕೈ ತೊಳೆಯಲು ಹೋದಾಗ, ಅವಳು ಹೋದ ಕಡೆಯೇ ಕಣ್ಣಿಟ್ಟುಕೊಂಡು ಕೇಳಿದಳು:

“ಅಂಕಲ್, ಆಂಟಿ ಅವತ್ತು ‘ನೋ’ ಅನ್ನದೇ ಇದ್ದಿದ್ರೆ, ಜಡ್ಜ್ ಇವಳನ್ನ ನಂಗೇ ಕೊಡ್ತಿದ್ರಾ?”

ಕೊಡುತ್ತಿದ್ದರು ಎಂದು ಹೇಳಲು ಬಾಯಿ ತೆರೆದೆ. ಅದು ನನ್ನ ಸಿಟ್ಟಿನ ಉತ್ತರ. ಇಲ್ಲ, ಹೇಗೂ ಹೀಗೇ ಆಗುತ್ತಿತ್ತು ಎನ್ನಬಹುದಿತ್ತು. ಅದು ಸಮಾಧಾನದ ಉತ್ತರ. ತೀರ್ಪಿನಲ್ಲಿ ಕೆಲಸದ ವೇಳೆ, ಮನೆ, ಅಜ್ಜಿಯ ನೆರವು ಎಂದು ಬೇರೆ ಬೇರೆ ಕಾರಣಗಳಿದ್ದವು, ಆ ಒಂದು ಪದದ ಪ್ರಸ್ತಾಪವೇ ಇರಲಿಲ್ಲ. ಇಲ್ಲದ್ದರಿಂದ ಅದರ ಭಾರವಿರಲಿಲ್ಲ ಎಂದೂ ಆಗುವುದಿಲ್ಲ. ಅದೇ ಮಗುವನ್ನು, ಅದೇ ನ್ಯಾಯಾಧೀಶರ ಮುಂದೆ, ಆ ಪದವೊಂದನ್ನು ಬಿಟ್ಟು ಇನ್ನೊಮ್ಮೆ ನಿಲ್ಲಿಸಿ ನೋಡಲು ಬರುವುದಿಲ್ಲ.

ಗೊತ್ತಿಲ್ಲ ಮೇಘನಾ ಎಂದೆ. ಅವಳು ತಲೆಯಾಡಿಸಿ ಮಗಳ ಕೋಟು ಎತ್ತಿಕೊಂಡಳು. ಮೇಡಂಗಾದರೂ ಗೊತ್ತಿತ್ತೇ, ಅವರು ಎಂದಾದರೂ ತಮ್ಮನ್ನೇ ಇದನ್ನು ಕೇಳಿಕೊಂಡಿದ್ದರೇ, ಅದೂ ನನಗೆ ಗೊತ್ತಿಲ್ಲ.